ಪೊರೆಯೋ ಜಿಡ್ಡೋ

ನಮ್ಮ ಚಿಕ್ಕಮ್ಮನ ಕೈ ನೋಡಿದವರು ಅವಳು ಯಾವುದೋ ಹೋಟೆಲಿನಲ್ಲಿ ಪಾತ್ರೆ ತಿಕ್ಕುತ್ತಾಳೆ ಅಂದುಕೊಳ್ಳಬೇಕು, ಹಾಗಿದೆ. ಅವಳು ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಲು ಹೊರಟವಳು. ಪದವಿ ಬಂದರೆ ಕಾಲೇಜಿನಲ್ಲಿ ಕಾಯಂ ಕೆಲಸ, ಬರದಿದ್ದರೆ ಸಾಯುವವರೆಗೂ ಹಂಗಾಮಿ.

ಅವಳು ಹಿಡಿದದ್ದು ಒಂದು ವಿಚಿತ್ರ ದ್ರಾವಣವನ್ನು. ಗಾಜಿನ ತಟ್ಟೆಗೆ ಸುರಿದರೆ ಕೆಂಪಾಗುತ್ತದೆ, ನೀಲಿಯಾಗುತ್ತದೆ, ಮತ್ತೆ ಕೆಂಪಾಗುತ್ತದೆ. ಯಾರೂ ಮುಟ್ಟದೆ ತಾನೇ ತಾಳ ಹಾಕಿಕೊಂಡಿರುತ್ತದೆ. ಜೀವಕೋಶದ ಸುತ್ತ ಇರುವಂಥ ಕೊಬ್ಬಿನ ತೆಳು ಪೊರೆಯೊಳಗೆ ಅದನ್ನು ತುಂಬಿದರೆ ಆ ತಾಳ ಏನಾಗುತ್ತದೆ? ಇದು ಪ್ರಶ್ನೆ. ಪೊರೆ ಬರೀ ಗೋಡೆ, ಏನೂ ಆಗಬಾರದು ಎಂದು ಅವಳ ಗೈಡು ಮೊದಲೇ ತೀರ್ಮಾನಿಸಿ ಕೂತಿದ್ದರು.

ಆದರೆ ತಾಳ ತಪ್ಪುತ್ತಿತ್ತು. ಬಣ್ಣ ತಿರುಗಲು ತಡವಾಗುತ್ತಿತ್ತು.

"ಗಾಜು ಜಿಡ್ಡಾಗಿದೆಯಮ್ಮ, ತೊಳಿ," ಅಂದರು ಗೈಡು.

ಅದು ಆ ಪ್ರಯೋಗಾಲಯದ ವಾಡಿಕೆ. ಗೈಡಿಗೆ ಒಪ್ಪದ ಫಲಿತಾಂಶ ಬಂದರೆ ತಪ್ಪೆಲ್ಲ ಗಾಜಿನದು.

"ಇದೇ ತಟ್ಟೇಲಿ ಪೊರೆ ಇಲ್ದೆ ಮಾಡಿದ್ರೆ ಸರಿಯಾಗೇ ಬರುತ್ತೆ ಸರ್. ದ್ರಾವಣದ ಬ್ರೋಮಿನ್ನು ಪೊರೆಯ ಕೊಬ್ಬಿನ ಜೊತೆ ಸೇರ್ಕೊಳ್ತಿದೆ ಅನ್ಸುತ್ತೆ. ಪೊರೆ ಸುಮ್ನೆ ಕೂತಿಲ್ಲ."

"ಅನ್ಸಿದ್ದನ್ನೆಲ್ಲ ಥೀಸಿಸ್‌ಗೆ ಹಾಕಕ್ಕಾಗುತ್ತಾ? ತೊಳಿ."

ತೊಳೆದಳು. ಸೋಪಿನಲ್ಲಿ, ಆಮ್ಲದಲ್ಲಿ, ಮತ್ತೆ ಸೋಪಿನಲ್ಲಿ. ಬೆರಳ ಚರ್ಮ ಸುಲಿದು ಬಂತು. ಮದುವೆಯ ಮಾತು ಬಂದಾಗಲೆಲ್ಲ "ಥೀಸಿಸ್ ಮುಗೀಲಿ" ಅನ್ನುತ್ತಿದ್ದಳು. "ಹಾಗಾದ್ರೆ ಆ ಗಾಜನ್ನೇ ಕಟ್ಕೋ" ಎಂದು ಅಜ್ಜಿ ಗೊಣಗುತ್ತಿದ್ದಳು. ಪೊರೆಯ ಮಾತನ್ನು ಚಿಕ್ಕಮ್ಮ ಮತ್ತೆ ಎತ್ತಲಿಲ್ಲ.

ಕೊನೆಗೆ ಇನ್ನೆಲ್ಲಿಯೋ ಇನ್ಯಾರೋ ಅದನ್ನೇ ಮಾಡಿ ತೋರಿಸಿ ಪ್ರಕಟಿಸಿದರು: ಪೊರೆ ಗೋಡೆಯಲ್ಲ, ಅದೂ ಕ್ರಿಯೆಯಲ್ಲಿ ಕೈಹಾಕುತ್ತದೆ, ತಾಳ ಕೆಡುವುದು ಅದರಿಂದಲೇ. ಗೈಡು ಚಿಕ್ಕಮ್ಮನನ್ನು ಕರೆಸಿದರು.

"ನೀನಂದಿದ್ದು ಸರೀನೇ ಇತ್ತು ನೋಡಮ್ಮ. ಆದ್ರೆ ಈಗಿದು ಹೊಸದಲ್ವಲ್ಲ. ಬೇರೆ ವಿಷಯ ಹುಡುಕ್ಕೋ."

ಹೊಸದಾಗಿದ್ದಾಗ ಅದು ಜಿಡ್ಡು. ಜಿಡ್ಡಲ್ಲವೆಂದು ಗೊತ್ತಾಗುವಷ್ಟರಲ್ಲಿ ಹಳತು. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು.

"ಬಾಯಿಗೆ ಬಂದ ಹಾಗೆ ಬೈದು ಬರಬಾರದಿತ್ತಾ ಚಿಕ್ಕಮ್ಮ? ಅವತ್ತೇ ಹೇಳಿದ್ದೆ ಅಂತ ಅನ್ನಬಾರದಿತ್ತಾ?"

ಅವಳು ಅಡುಗೆಮನೆಯ ಸಿಂಕಿನ ಮುಂದೆ ನಿಂತಿದ್ದಳು. ತೊಳೆದಿಟ್ಟ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ನೊರೆಗೆ ಅದ್ದಿದಳು.

"ಮೊದಮೊದಲು ಅವರನ್ನ ಬೈಕೊಂಡೇ ತೊಳೀತಿದ್ದೆ ಕಣೇ," ಅಂದಳು. "ಆಮೇಲಾಮೇಲೆ ನಂಗೂ ಜಿಡ್ಡೇ ಕಾಣಕ್ಕೆ ಶುರುವಾಯ್ತು."