ತವರಿಗೆ ದಾರಿಯಿದ್ದ ನಕಾಶೆ

ನಿನ್ನೆ ಪೇಟೆಯ ಅಂಗಡಿಯೊಂದರಲ್ಲಿ ಯಾರೋ ಕಪ್ಪು ಶಾಯಿಯ ಬಾಟಲಿ ತೆರೆದರು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಕೊಳ್ಳಲು ಬಂದದ್ದೇನೆಂದು ಮರೆತು ನಿಂತುಬಿಟ್ಟೆ. ನಿಮಗೂ ಹೀಗೆ ಆಗುತ್ತದಲ್ಲವೇ?

ಎಪ್ಪತ್ತರ ದಶಕದ ಮಾತು. ಮದುವೆಯಾಗಿ ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಬಂದಿದ್ದೆ. ಇವರು ಕಚೇರಿಯೊಂದರಲ್ಲಿ ಕಾರಕೂನರು. ಮನೆತುಂಬ ಜನ, ಕನ್ನಡ ಮರಾಠಿ ಬೆರೆತ ಗದ್ದಲ. ಅದರ ನಡುವೆ ಇವರೊಬ್ಬರೇ ಮೌನಿ. "ಊಟಕ್ಕ ಬರ್ರಿ" ಎಂದರೆ "ಹ್ಞೂಂ", "ಸಾರು ಹಾಕ್ಲೇನ್ರಿ" ಎಂದರೆ "ಸಾಕು". ತಿಂಗಳುಗಟ್ಟಲೆ ನಮ್ಮ ಸಂಸಾರ ಇಷ್ಟೇ ಮಾತಿನ ಮೇಲೆ ನಡೆದಿತ್ತು. ನಾನು ಇವರಿಗೆ ಬೇಡವಾದವಳು ಎಂದು ನಾನೇ ತೀರ್ಮಾನಿಸಿಕೊಂಡೆ. ಶ್ರಾವಣದ ನಾಗರ ಪಂಚಮಿಗೆ ತವರಿಗೆ ಹೋದವಳು ತಿರುಗಿ ಬರಬಾರದು, ಅಪ್ಪನಿಗೆ ಎಲ್ಲ ಹೇಳಿಬಿಡಬೇಕು ಎಂದು ಗಟ್ಟಿ ಮಾಡಿಕೊಂಡೆ. ವಯಸ್ಸು ಚಿಕ್ಕದು, ಅಭಿಮಾನ ಮಾತ್ರ ಮನೆಯ ಹಿರಿಯರೆಲ್ಲರಿಗಿಂತ ದೊಡ್ಡದು!

ಟ್ರಂಕು ತರಲು ಮಾಳಿಗೆಯ ಕೋಣೆಗೆ ಹೋದರೆ, ಇವರು ನೆಲದ ಮೇಲೆ ದೊಡ್ಡ ಕಾಗದ ಹರಡಿಕೊಂಡು, ಟಾಕನ್ನು ಶಾಯಿಯಲ್ಲಿ ಅದ್ದಿ ಗೆರೆ ಎಳೆಯುತ್ತಿದ್ದರು. ನನ್ನನ್ನು ಕಂಡು ಕಳ್ಳನಂತೆ ಬೆಚ್ಚಿದರು.

"ಇದು ಯಾ ಜಿಲ್ಲಾದ ನಕಾಶಾರೀ?"

"ಯಾ ಜಿಲ್ಲಾದ್ದೂ ಅಲ್ಲ. ಇಂಥಾ ರಾಜ್ಯ ಎಲ್ಲೂ ಇಲ್ಲ." ಟಾಕನ್ನು ಕೆಳಗಿಟ್ಟು ಹೇಳಿದರು, "ಸಣ್ಣಾಂವ ಇದ್ದಾಗಿಂದ ತಗಿಯಾಕತ್ತೀನಿ. ಮಂದಿ ಜೋಡಿ ಮಾತಾಡಾಕ ನನಗ ಬರಂಗಿಲ್ಲ. ಇದರಾಗ ತಿರಗ್ಯಾಡತೀನಿ."

ಅಷ್ಟು ಉದ್ದದ ಮಾತು ನಾನು ಇವರ ಬಾಯಲ್ಲಿ ಕೇಳಿರಲಿಲ್ಲ. ಅಲ್ಲೇ ಕುಳಿತು ನೋಡಿದೆ. ರೆಕ್ಕೆಯ ಆನೆಗಳ ಬೆಟ್ಟ, ಮೋಡಗಳು ಮಲಗುವ ಕೋಟೆ, ಮಾತಾಡುವ ಮೀನುಗಳ ಕೆರೆ, ನಮ್ಮ ಬೋರಿ ನದಿಯನ್ನು ನಾಚಿಸುವಂಥ ಅಗಲದ ಹೊಳೆಗಳು.

"ಇದರಾಗ ನನ್ನ ತವರಮನಿ ಎಲ್ಲೈತ್ರೀ?" ಎಂದೆ ಚೇಷ್ಟೆಗೆ. ಇವರು ಬಗ್ಗಿ ನಕಾಶೆಯನ್ನೇ ನೋಡತೊಡಗಿದರು.

ಅಕ್ಕಲಕೋಟೆಗೆ ಹೋದೆ. ಅಪ್ಪನಿಗೆ ಹೇಳಬೇಕಾದದ್ದು ಇವತ್ತು ನಾಳೆ ಎಂದು ಮುಂದೆ ಹೋಗುತ್ತಲೇ ಇತ್ತು. ಭಾನುವಾರ ನೋಡಿದರೆ ಇವರು ಎಸ್‌ಟಿ ಬಸ್ಸು ಇಳಿದು, ಕಂಕುಳಲ್ಲಿ ಕಾಗದದ ಸುರುಳಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಾರೆ.

"ಏನ್ರಿ ಅಳಿಯಂದಿರ, ಪ್ಲಾಟ್ ಏನರ ತಗೊಂಡ್ರೇನು?" ಎನ್ನುತ್ತ ಅಪ್ಪ ಚಷ್ಮಾ ಏರಿಸಿ ಸುರುಳಿ ಬಿಚ್ಚಿದರು. "ಅಲ್ರಿ, ಆನಿಗೆ ರೆಕ್ಕಿ ಯಾಕ?"

ಇವರು ಬೆವರುತ್ತ ಒಂದೊಂದನ್ನೂ ವಿವರಿಸಿದರು. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ಬಗ್ಗಿ ನೋಡಿದೆ. ಬೆಟ್ಟದ ಬುಡದಲ್ಲಿ ಹೊಸದೊಂದು ಊರು. ಅದರಲ್ಲಿ ನನ್ನ ತವರುಮನೆ, ಮುಂದಿನ ಬೇವಿನ ಮರದ ಸಮೇತ. ಕೋಟೆಯಿಂದ ಅಲ್ಲಿಯತನಕ ಒಂದು ದಾರಿ, ದಾರಿಯುದ್ದಕ್ಕೂ ನೆರಳು, ಬಾವಿ.

"ಯಾವಾಗ ಬೇಕಾದ್ರ ಹೋಗಬಹುದು," ಎಂದರು ಇವರು. ಆಮೇಲೆ ನನಗಷ್ಟೇ ಕೇಳುವಂತೆ, "ಬರಬಹುದು."

ಸಂಜೆಯ ಬಸ್ಸಿಗೆ ನಾನೂ ಹತ್ತಿದೆ. ಮುಂದೆ ಇಬ್ಬರೂ ಕೂತು ಆ ರಾಜ್ಯಕ್ಕೆ ಎಷ್ಟೋ ಊರು ಸೇರಿಸಿದೆವು. ಗೆರೆ ಇವರದು, ಹೆಸರು ನನ್ನದು.

ನಿನ್ನೆ ಅಂಗಡಿಯಿಂದ ಮನೆಗೆ ಬಂದವಳೇ, ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಕೇಳಿಬಿಟ್ಟೆ: "ಆವಾಗ ನಾ ತಿರಗಿ ಬರಬಾರದಂತ ಹೋಗಿದ್ದೆ. ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು," ಎಂದರು ಇವರು ಸಹಜವಾಗಿ. "ಶ್ರಾವಣದಾಗ ಯಾರರ ಚಳಿಗಾಲದ ಉಣ್ಣಿ ಶಾಲು ಒಯ್ತಾರೇನು? ನೀ ಟ್ರಂಕಿನಾಗ ಇಟ್ಟಿದ್ದಿ. ಕೇಳಾಕ ಧೈರ್ಯ ಆಗಲಿಲ್ಲ. ನೀ ಹೋದ ಮ್ಯಾಲ ಕೂತು ಆ ದಾರಿ ತಗದೆ."

ನಾನಾಗಿಯೇ ಮನಸ್ಸು ಬದಲಿಸಿ ಬಂದೆ ಎಂದುಕೊಂಡಿದ್ದೆ. ಇವರು ಅವತ್ತು ನನ್ನನ್ನು ಕರೆಯಲೆಂದೇ ಬಂದಿದ್ದರು.