ಯಶೋಧಾಳ ಆರು ಮೊಳೆ

ಕಾನಹೊಸಹಳ್ಳಿಯ ಬಸ್ ಸ್ಟ್ಯಾಂಡ್ ಹಿಂದೆ ಹೊಲಿಗೆ ಅಂಗಡಿ ಇಟ್ಟಿದ್ದ ಯಶೋಧಾಳ ಕೈಗೆ ಹೆಸರಿತ್ತು, ಬಾಯಲ್ಲಿ ಮಾತ್ರ ಯಾವಾಗಲೂ 'ನಾಳೆ ಬರ್ರಿ' ಇತ್ತು. ಬಟ್ಟೆ ಹಿಡಿದು ಬಂದ ಮುತ್ತೈದೆಗೆ ಇಲ್ಲ ಅನ್ನಬಾರದೆಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಪುಣ್ಯಾತ್ಗಿತ್ತಿ ಯಾರಿಗೂ ಇಲ್ಲ ಅನ್ನಲಿಲ್ಲ. ಬಟ್ಟೆಯ ಗಂಟುಗಳು ಸೊಂಟದೆತ್ತರ ಬೆಳೆದವು.

ಎರಡು ವರ್ಷದ ಹಿಂದೆ ಅದೇ ಊರಿನ ಗೀತಾಂಜಲಿಯ ಮದುವೆ ಸೀರೆಯ ಜಂಪರು ಆ ಗಂಟುಗಳ ಅಡಿಯಲ್ಲೇ ಉಳಿಯಿತು. ಅಕ್ಕಿಕಾಳು ಬೀಳುವ ಹೊತ್ತಿಗೆ ಮದುಮಗಳು ಅಕ್ಕನ ಜಂಪರಿಗೆ ಪಿನ್ನು ಹಾಕಿಕೊಂಡು ನಿಂತಿದ್ದಳು. ಆಮೇಲೆ ಅಂಗಡಿಗೆ ಬಂದವಳು ಬೈಯಲಿಲ್ಲ, ಅರ್ಧ ಹೊಲಿದ ಬಟ್ಟೆಯನ್ನು ಮಡಚಿಕೊಂಡು ಹೋದಳು. ಬೈದಿದ್ದರೆ ಯಶೋಧಾ ತಡೆದುಕೊಳ್ಳುತ್ತಿದ್ದಳು. ಅಂದು ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

ಮೊದಲು ಮೊಬೈಲ್ ನೋಡಿ ಗಂಟೆ ಗಂಟೆಯ ಪಟ್ಟಿ ಬರೆದು ಗೋಡೆಗೆ ಅಂಟಿಸಿದಳು. ಹನ್ನೊಂದಕ್ಕೆ ಹೊಲಿಗೆ ಎಂದಿತ್ತು, ಹನ್ನೊಂದಕ್ಕೇ ಕರೆಂಟು ಹೋಗುತ್ತಿತ್ತು. ಪಟ್ಟಿ ಹರಿದುಹಾಕಿ, ದಿನಕ್ಕೆ ತಾನು ನಿಜವಾಗಿ ಎಷ್ಟು ಜಂಪರು ಹೊಲಿಯುತ್ತೇನೆಂದು ಒಂದು ವಾರ ಎಣಿಸಿದಳು. ಎಂಟು ಅಂದುಕೊಂಡಿದ್ದಳು, ನಾಲ್ಕೇ ಆಗುತ್ತಿದ್ದವು.

ಸೋಮವಾರದಿಂದ ಶನಿವಾರದವರೆಗೆ ದಿನಕ್ಕೊಂದರಂತೆ ಗೋಡೆಗೆ ಆರು ಮೊಳೆ ಹೊಡೆದಳು. ಒಂದೊಂದಕ್ಕೆ ನಾಲ್ಕು ಚೀಲ, ಚೀಲಕ್ಕೊಂದು ಜಂಪರಿನ ಬಟ್ಟೆ, ಅದರ ಮೇಲೆ ಒಂದೂ ಇಲ್ಲ. ಬೆಳಗಿನ ಬೆಳಕಿನಲ್ಲಿ ಕಟಿಂಗು, ಕರೆಂಟಿದ್ದಾಗ ಮೋಟಾರು ಮಷೀನು, ಹೋದಾಗ ಹುಕ್ಕು, ಹೆಮ್ಮಿಂಗಿನ ಕೈಕೆಲಸ.

ಮೊದಲು ಬಂದವಳು ಒಡಹುಟ್ಟಿದ ನಾಗಕ್ಕ. "ಗುರುವಾರಕ್ಕ ಬೇಕವ್ವ."

"ಗುರುವಾರದ ಮೊಳಿ ತುಂಬೈತಕ್ಕ. ಶನಿವಾರ ಕೊಡ್ತೀನಿ."

"ನನಗೂ ಮೊಳಿ ತೋರಸ್ತಿ ಏನೇ?"

ಯಶೋಧಾ ಚೀಲವನ್ನು ಶನಿವಾರದ ಮೊಳೆಗೇ ತೂಗುಹಾಕಿದಳು. ನಾಗಕ್ಕ ಮುಖ ಊದಿಸಿಕೊಂಡು ಹೋದಳು, ಶನಿವಾರ ಬಂದು ಜಂಪರನ್ನೇನೋ ಒಯ್ದಳು, ಮುಖ ಇನ್ನೂ ಊದಿಯೇ ಇತ್ತು.

ಈ ವರ್ಷ ಗೀತಾಂಜಲಿಗೆ ಏಳು ತಿಂಗಳು ತುಂಬಿ, ಶುಕ್ರವಾರಕ್ಕೆ ಸೀಮಂತದ ಕುಬಸ ತೊಡಿಸುವ ಶಾಸ್ತ್ರ ಗೊತ್ತಾಯಿತು. ಯಶೋಧಾಳಂಥ ಹೊಲಿಗೆ ಬೇರೆ ಕಡೆ ಸಿಗದೆ ಹಸಿರು ರೇಷ್ಮೆ ಬಟ್ಟೆ ಹಿಡಿದು ಮತ್ತೆ ಬಂದಳು. "ಈ ಸಲ ತಪ್ಪಂಗಿಲ್ಲ ಅಲ್ರಿ, ಯಶೋಧಕ್ಕ?"

"ಬುಧವಾರ ಸಂಜಿಗೆ ಬಾರವ್ವ," ಎಂದಳು ಯಶೋಧಾ. ಹೊಸದಾಗಿ ಅಳತೆ ತೆಗೆದುಕೊಂಡು, ಚೀಲವನ್ನು ಬುಧವಾರದ ಮೊಳೆಗೆ ಹಾಕಿದಳು.

ಬುಧವಾರ ಹತ್ತಕ್ಕೆ ಹೋದ ಕರೆಂಟು ನಾಲ್ಕಾದರೂ ಬರಲಿಲ್ಲ. 'ನಾಳೆ ಬರ್ರಿ' ನಾಲಿಗೆಯ ತುದಿಗೆ ಬಂದು ಕೂತಿತ್ತು. ಅದನ್ನು ನುಂಗಿಕೊಂಡು, ಮಷೀನು ಹೊಲಿಗೆ ಆಗಿದ್ದ ಆ ದಿನದ ಉಳಿದ ಮೂರು ಜಂಪರಿನ ಕೈಕೆಲಸ ಮುಗಿಸಿಟ್ಟಳು. ನಾಲ್ಕೂವರೆಗೆ ಬಲ್ಬು ಹತ್ತಿದ್ದೇ ಹಸಿರು ರೇಷ್ಮೆ ಹಿಡಿದು ಮಷೀನಿಗೆ ಕೂತವಳು ನೀರಿಗೂ ಏಳಲಿಲ್ಲ.

ಆರಕ್ಕೆ ಗೀತಾಂಜಲಿ ಬಂದಳು. ಪರದೆಯ ಹಿಂದೆ ತೊಟ್ಟು ನೋಡಿದಳು. ಎಲ್ಲೂ ಬಿಗಿಯಿಲ್ಲ, ಎಲ್ಲೂ ಜೋಲಿಲ್ಲ. ಹೊರಗೆ ಬಂದು, ಕೈಚೀಲದಿಂದ ಇನ್ನೊಂದು ಜಂಪರು ತೆಗೆದಳು. ಮದುವೆಯಲ್ಲಿ ತೊಟ್ಟಿದ್ದ, ಅಕ್ಕನದೇ ಜಂಪರು.

"ನೀವು ಕೊಡಲಿಲ್ಲಂದ್ರ ಇರಲಿ ಅಂತ ತಂದಿದ್ದೆ," ಎಂದಳು.

ಯಶೋಧಾಳ ಕಣ್ಣು ತುಂಬಿದವು.

ಗೀತಾಂಜಲಿ ಅಕ್ಕನ ಜಂಪರನ್ನು ಅವಳ ಮುಂದೆ ಚಾಚಿ ಗೋಡೆ ನೋಡಿದಳು. "ಇದು ಈಗ ಬಿಗಿ ಆಗೈತಿ, ಸ್ವಲ್ಪ ಸಡಿಲ ಮಾಡಬೇಕಿತ್ರಿ. ಯಾವ ಮೊಳಿಗೆ ಹಾಕ್ತೀರಿ?"