ಗಿರಿಜಾಳ ಗಂಟಲು

೧೯೭೬ರಲ್ಲಿ ನಾನು ಇಳಕಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿಗೆ ಸಂಗೀತ ಶಿಕ್ಷಕಿಯಾಗಿ ವರ್ಗವಾಗಿ ಬಂದೆ. ಆಗ ಇಳಕಲ್ಲು ಹುನಗುಂದ ತಾಲ್ಲೂಕಿನ ಊರು, ಜಿಲ್ಲೆ ವಿಜಾಪುರ. ಶಾಲೆಯಲ್ಲಿ ಸಂಗೀತಕ್ಕೆಂದು ವಾರಕ್ಕೊಂದು ಪಿರಿಯಡ್ಡು ಇತ್ತು. ಗಣಿತದ ಪೋರ್ಶನ್ ಮುಗಿಯದಿದ್ದರೆ ಅದೂ ಗಣಿತದ ಮಾಸ್ತರರ ಪಾಲಾಗುತ್ತಿತ್ತು. ನಿಜವಾಗಿ ಕಲಿಯುವ ಆಸೆಯಿದ್ದ ಮಕ್ಕಳು ಸಂಜೆ ನನ್ನ ಬಾಡಿಗೆ ಮನೆಗೆ ಬರುತ್ತಿದ್ದರು. ಅವರಿಗೆ ಹಿಂದುಸ್ತಾನಿ ಗಾಯನದ ಮೊದಲ ಪಾಠಗಳನ್ನು ಹೇಳಿಕೊಡುತ್ತಿದ್ದೆ. ಇಪ್ಪತ್ತೆಂಟು ವರ್ಷದ ನನ್ನ ನೌಕರಿಯಲ್ಲಿ ಹೀಗೆ ಬಂದುಹೋದ ಮಕ್ಕಳು ಬಹಳ. ಇಲ್ಲಿ ಹೇಳಹೊರಟಿರುವುದು ಅವರಲ್ಲಿ ಒಬ್ಬಳ ವಿಷಯ.

ಆಕೆಯನ್ನು ಕರೆತಂದವರು ತಂದೆ ಮಹಾಂತಪ್ಪ, ನೇಕಾರರು. ಹೊಸ್ತಿಲ ಹೊರಗೇ ನಿಂತು, ಹತ್ತು ವರ್ಷದ ಮಗಳನ್ನು ಮುಂದೆ ಬಿಟ್ಟು ಹೇಳಿದರು:

"ಬಾಯಾರ, ಇಕಿ ಗಿರಿಜಾ ಅಂತ. ಮಠದಾಗ ವಚನ ಹಾಡ್ತಾಳ್ರಿ. ಮಂದಿ ಚಲೋ ಅಂತಾರ, ನನಗ ತಿಳಿಯೂದಿಲ್ಲ. ನೀವೊಮ್ಮಿ ಕೇಳಿ ಹೇಳ್ರಿ."

ತಂಬೂರಿ ಶ್ರುತಿ ಮಾಡಿ ಷಡ್ಜ, ಅಂದರೆ ಸಾ ಸ್ವರ, ಹಚ್ಚಲು ಹೇಳಿದೆ. ಹುಡುಗಿ ಕಣ್ಣು ಮುಚ್ಚಿ ಹಚ್ಚಿದಳು. ತಂತಿಯ ನಾದ ಎಲ್ಲಿ ಮುಗಿಯಿತು, ಆಕೆಯ ದನಿ ಎಲ್ಲಿ ಶುರುವಾಯಿತು ಎಂದು ನನಗೆ ತಿಳಿಯಲಿಲ್ಲ. ಅಷ್ಟು ಸರಿಯಾಗಿ ಕೂಡಿಕೊಂಡಿತ್ತು. ಅಂಥ ದನಿ ನನ್ನ ಮುಂದೆ ಅದಕ್ಕೂ ಮೊದಲು ಬಂದಿರಲಿಲ್ಲ. ಆಮೇಲೆಯೂ ಬರಲಿಲ್ಲ. ಮಹಾಂತಪ್ಪನವರಿಗೆ "ಮಂದಿ ಹೇಳೂದು ಖರೆ ಐತ್ರಿ" ಎಂದಷ್ಟೇ ಹೇಳಿದೆ. ಅವರು ಬಾಗಿಲಿಗೆ ಕೈಮುಗಿದು ಹೋದರು. ಯಾರಿಗೆ ಮುಗಿದರೋ ಗೊತ್ತಿಲ್ಲ.

ಮೊದಲ ವರ್ಷ ಪಾಠ ಚೆನ್ನಾಗಿಯೇ ನಡೆಯಿತು. ಎರಡನೆಯ ವರ್ಷ ಒಂದು ವಿಷಯ ನನ್ನನ್ನು ಕಾಡತೊಡಗಿತು. ನನ್ನ ಮನೆಯಲ್ಲಿ ಹೇಳಿಕೊಟ್ಟ ದಿನ ಮೃದುವಾಗಿರುತ್ತಿದ್ದ ದನಿ, ಮನೆಯಲ್ಲಿ ಸಾಧನೆ ಮಾಡಿ ಮುಂದಿನ ಪಾಠಕ್ಕೆ ಬರುವಷ್ಟರಲ್ಲಿ ಗಡುಸಾಗಿರುತ್ತಿತ್ತು. ಮೇಲಿನ ಸ್ವರಕ್ಕೆ ಹೋಗುವಾಗ ಕುತ್ತಿಗೆಯ ನರ ಉಬ್ಬುತ್ತಿತ್ತು. ನಾನು ಕಲಿಸದ್ದನ್ನು ಮನೆಯಲ್ಲಿ ಯಾರು ಕಲಿಸುತ್ತಿದ್ದಾರೆ ಎಂದು ನೋಡಲು ಒಂದು ದಿನ ಅವರ ಓಣಿಗೆ ಹೋದೆ.

ಪಡಸಾಲೆಯಲ್ಲಿ ಎರಡು ಕುಣಿಮಗ್ಗಗಳಿದ್ದವು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗಗಳು ಅವು. ಒಂದರಲ್ಲಿ ಮಹಾಂತಪ್ಪ, ಇನ್ನೊಂದರಲ್ಲಿ ಅವರ ತಮ್ಮ. ತಾಯಿ ಶಂಕ್ರವ್ವ ರಾಟಿ ತಿರುವಿ, ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದರು. ಅಜ್ಜಿ ಗಂಗವ್ವ ಗೋಡೆಗೊರಗಿ ಕೂತಿದ್ದರು. ಅವರಿಗೆ ಕಿವಿಯಲ್ಲಿ ಕೂಗಿದರಷ್ಟೇ ಕೇಳುತ್ತಿತ್ತು. ಈ ಎಲ್ಲರ ನಡುವೆ ಮೂಲೆಯಲ್ಲಿ, ಮಠದಿಂದ ತಂದ ಹಳೆಯ ಹಾರ್ಮೋನಿಯಂ ಮುಂದಿಟ್ಟುಕೊಂಡು ಗಿರಿಜಾ ಕೂಗುತ್ತಿದ್ದಳು. ಹಾಡುತ್ತಿದ್ದಳು ಎಂದು ಬರೆಯಲಾರೆ. ಹಾರ್ಮೋನಿಯಂನ ಗಾಳಿಯ ತಿದಿ ಆಡುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು, ಮಗ್ಗಗಳ ಸದ್ದಿನಲ್ಲಿ ಅದರ ಸ್ವರ ನನ್ನ ಕಿವಿಗೆ ಬೀಳಲಿಲ್ಲ.

"ಇಷ್ಟ್ಯಾಕ ಜೋರ್ ಹಾಡ್ತಿ?" ಎಂದೆ.

"ನನ್ನ ದನಿ ನನಗ ಕೇಳಸವಲ್ತ್ರಿ ಬಾಯಾರ."

ಹಾಡುವವರು ತಮ್ಮ ದನಿಯನ್ನು ಕಿವಿಯಿಂದಲೇ ತಿದ್ದಿಕೊಳ್ಳಬೇಕು. ಕಿವಿಗೆ ಕೇಳದಿದ್ದಾಗ ಗಂಟಲು ತಾನಾಗಿಯೇ ಬಲ ಹಾಕುತ್ತದೆ, ಮಗುವಿಗೆ ಅದು ಗೊತ್ತೂ ಆಗುವುದಿಲ್ಲ. ಇದನ್ನು ಮಹಾಂತಪ್ಪನವರಿಗೆ ಬಿಡಿಸಿ ಹೇಳಿದೆ. ಮುಂಜಾನೆ ಒಂದು ತಾಸು ಮಗ್ಗ ನಿಲ್ಲಿಸಲು ಆಗುತ್ತದೆಯೇ ಎಂದು ಕೇಳಿದೆ. ನೇಕಾರರ ಮನೆಯಲ್ಲಿ ಮುಂಜಾನೆಯ ಒಂದು ತಾಸು ಅಂದರೆ ಏನೆಂದು ನನಗೆ ಗೊತ್ತಿತ್ತು. ಅವರು ತಮ್ಮನ ಮುಖ ನೋಡಿದರು. ತಮ್ಮ ಕೈಯಲ್ಲಿದ್ದ ಲಾಳಿ ಕೆಳಗಿಟ್ಟರು.

"ಆತ್ರಿ, ನಿಲ್ಲಸ್ತೇವಿ."

ಆದರೆ ಸಾಧನೆಯ ಹೊತ್ತಿಗೆ ಮಗುವಿನ ಹತ್ತಿರ ಒಬ್ಬರು ಕೂರಬೇಕಿತ್ತು. ಶಂಕ್ರವ್ವನನ್ನು ಕೇಳಿದಾಗ ಅವರು ಸೆರಗು ಬಾಯಿಗೆ ಹಿಡಿದು ನಕ್ಕರು. "ನಾ ಸಾಲಿ ಕಲತಾಕಿ ಅಲ್ರಿ ಬಾಯಾರ, ನನಗೇನ್ ಗಾಯನ ತಿಳೀತೈತಿ?"

"ತಿಳಿಯೂದು ಬ್ಯಾಡ್ರಿ. ಬರೇ ಕೇಳ್ರಿ. ಎಲ್ಲಿ ದನಿ ಬಿಗಿಯಾತು ಅನಸ್ತೈತಿ, ಅಲ್ಲಿ ನಿಲ್ಲಸ್ರಿ."

ಕೆಲವು ದಿನ ಮಗಳ ಜೊತೆ ಅವರನ್ನೂ ಮನೆಗೆ ಕರೆದು ಕೂರಿಸಿಕೊಂಡೆ. ಸಡಿಲ ದನಿ ಹೇಗಿರುತ್ತದೆ, ಒತ್ತಿದ ದನಿ ಹೇಗಿರುತ್ತದೆ ಎಂದು ನಾನೇ ಹಾಡಿ ತೋರಿಸಿದೆ. ಶಂಕ್ರವ್ವ ಬೇಗ ಕಲಿತರು. ಒಂದು ಸಂಜೆ ಬಂದು, "ನಿನ್ನಿ ಮ್ಯಾಲಿನ 'ಸಾ'ಕ್ಕ ಹೋಗೂವಾಗ ಬಿಗೀತ್ರಿ. ನೀರು ಕೊಟ್ಟು ಎಬ್ಬಿಸಿಬಿಟ್ಟೆ" ಎಂದರು. ಅವರು ಹೇಳಿದ ಜಾಗ ಸರಿಯಾಗಿತ್ತು. ಮುಂದಿನ ಎರಡು ವರ್ಷ ಗಿರಿಜಾಳ ದನಿ ಬೆಳೆದದ್ದಕ್ಕೆ ನನ್ನ ಪಾಠಕ್ಕಿಂತ ಆ ಮುಂಜಾನೆಗಳೇ ಕಾರಣ. ನನ್ನ ನೌಕರಿಯ ಒಳ್ಳೆಯ ದಿನಗಳು ಯಾವುವು ಎಂದು ಯಾರಾದರೂ ಕೇಳಿದರೆ ಅವನ್ನೇ ಹೇಳುತ್ತೇನೆ.

೧೯೭೯ರಲ್ಲಿ ಅವರ ಹಿತ್ತಲಿನ ಗೋಡೆಗೆ ಅಂಟಿಕೊಂಡ ಜಾಗದಲ್ಲಿ ಒಬ್ಬ ಸಾವುಕಾರರು ತಗಡಿನ ಶೆಡ್ಡು ಹಾಕಿಸಿ ಪವರ್‌ಲೂಮ್ ಕೂರಿಸಿದರು. ಕೈಮಗ್ಗವನ್ನು ಕೇಳಿಕೊಂಡರೆ ನಿಲ್ಲಿಸಬಹುದಿತ್ತು. ಕರೆಂಟಿನ ಮಗ್ಗ ಕರೆಂಟು ಇದ್ದಷ್ಟು ಹೊತ್ತೂ ನಡೆಯುತ್ತಿತ್ತು, ಕರೆಂಟು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಮನೆಯ ಗೋಡೆಯೇ ನಡುಗುತ್ತಿತ್ತು. ಮಹಾಂತಪ್ಪ ಸಾವುಕಾರರ ಹತ್ತಿರ ಹೋಗಿ, ಮುಂಜಾನೆ ಸ್ವಲ್ಪ ಹೊತ್ತು ನಿಲ್ಲಿಸಿರೆಂದು ಕೇಳಿ ಬಂದರು. ಅವರು ನಕ್ಕು ಚಹಾ ಕುಡಿಸಿ ಕಳಿಸಿದರಂತೆ.

ನಮ್ಮ ಮುಖ್ಯೋಪಾಧ್ಯಾಯಿನಿ ಹೆಡ್ ಬಾಯಾರನ್ನು ಒಪ್ಪಿಸಿ, ಶಾಲೆ ಶುರುವಾಗುವ ಮೊದಲು ಸಂಗೀತದ ಕೋಣೆಯಲ್ಲಿ ಗಿರಿಜಾ ಹಾಡಿಕೊಳ್ಳಲು ಅನುಮತಿ ಪಡೆದೆ. ಒಂದು ಮಳೆಗಾಲ ಅದು ನಡೆಯಿತು. ಅಷ್ಟರಲ್ಲಿ ಮಹಾಂತಪ್ಪನವರ ತಮ್ಮ ಪವರ್‌ಲೂಮ್ ಕೆಲಸ ಹುಡುಕಿಕೊಂಡು ಇಚಲಕರಂಜಿಗೆ ಹೋದರು. ಖಾಲಿಯಾದ ಮಗ್ಗಕ್ಕೆ ಶಂಕ್ರವ್ವ ಕೂತರು. ಕಂಡಿಕೆ ಸುತ್ತುವ ಕೆಲಸ ಗಿರಿಜಾಳ ಕೈಗೆ ಬಂತು, ಅದನ್ನು ಮುಂಜಾನೆಯೇ ಮಾಡಬೇಕಿತ್ತು. ಶಾಲೆಯ ಕೋಣೆಗೆ ಬರುವುದು ನಿಂತಿತು. ಸಾಧನೆ ಮತ್ತೆ ಆ ಪಡಸಾಲೆಗೆ ಹೋಯಿತು. ಈಗ ಪಕ್ಕದಲ್ಲಿ ಕೂತು ಕೇಳುವವರೂ ಇರಲಿಲ್ಲ, ಕೇಳಬೇಕಾದವರು ಮಗ್ಗದಲ್ಲಿದ್ದರು.

ಮುಂದಿನ ಬೇಸಿಗೆಯಲ್ಲಿ ಗುಳೇದಗುಡ್ಡದ ನೆಂಟರ ಮದುವೆಯಲ್ಲಿ ಗಿರಿಜಾ ಹಾಡಲು ಕೂತಾಗ ಮೈಕು ಕೆಟ್ಟಿತು. ಮಂದಿ ಬಿಡಲಿಲ್ಲ. ಹದಿಮೂರರ ಹುಡುಗಿ ಇಡೀ ಪೆಂಡಾಲಿಗೆ ಕೇಳುವಂತೆ ಹಾಡಿದಳು. ಮರಳಿ ಬಂದಾಗ ದನಿ ಗೊಗ್ಗರಾಗಿತ್ತು. ವಾರ ಕಳೆದರೂ ಸರಿಹೋಗಲಿಲ್ಲ. ತಂದೆ ಮಗಳಿಬ್ಬರನ್ನೂ ನಾನೇ ಬಾಗಲಕೋಟೆಗೆ ಕರೆದುಕೊಂಡು ಹೋದೆ. ಗಂಟಲಿನ ಡಾಕ್ಟರು ಸಣ್ಣ ಕನ್ನಡಿ ಇಳಿಸಿ ನೋಡಿದರು. ನಮ್ಮ ದನಿ ಹುಟ್ಟುವುದು ಗಂಟಲಿನೊಳಗಿನ ವೋಕಲ್ ಕಾರ್ಡ್ ಎಂಬ ಎರಡು ತೆಳುವಾದ ಮಡಿಕೆಗಳಿಂದ. ಗಿರಿಜಾಳಿಗೆ ಆ ಎರಡರ ಅಂಚಿನಲ್ಲೂ ಗಂಟು ಬೆಳೆದಿತ್ತು. ಡಾಕ್ಟರು ಮಹಾಂತಪ್ಪನವರ ಅಂಗೈ ಹಿಡಿದು ಹೇಳಿದರು:

"ಇಲ್ಲಿ ದಡ್ಡುಗಟ್ಟೇತಲ್ಲ, ಹಂಗ ಆಕಿ ಗಂಟಲದಾಗ ಆಗೇತಿ. ಸಣ್ಣಾಕಿ ಅದಾಳ, ಕರಗ್ತಾವು. ಆದ್ರ ಎರಡು ತಿಂಗಳು ಮಾತು ಬ್ಯಾಡ. ಒಂದು ವರ್ಷ ಹಾಡು ಬ್ಯಾಡ."

ಮನೆಯವರು ಕೈಲಾದಷ್ಟು ಮಾಡಿದರು. ಶಂಕ್ರವ್ವ ಓಣಿಯ ಮಕ್ಕಳನ್ನು ಮನೆಯೊಳಗೆ ಬಿಡಲಿಲ್ಲ. ಆದರೆ ಅಜ್ಜಿ ಗಂಗವ್ವನ ಜೊತೆ ಕಿವಿಯಲ್ಲಿ ಕೂಗಿ ಮಾತಾಡುತ್ತಿದ್ದವಳು ಆ ಮನೆಯಲ್ಲಿ ಗಿರಿಜಾ ಒಬ್ಬಳೇ. ಮೊಮ್ಮಗಳು ಸುಮ್ಮನಾದಾಗ ಅಜ್ಜಿ ಊಟ ಬಿಟ್ಟರು. "ನಾ ಏನ್ ತಪ್ಪು ಮಾಡೇನಂತ ಈ ಕೂಸು ನನ್ನ ಕೂಡ ಮಾತು ಬಿಟ್ಟೈತಿ?" ಎಂದು ಬಂದವರ ಮುಂದೆಲ್ಲ ಅಳುತ್ತಿದ್ದರು. ಸನ್ನೆ ಮಾಡಿ ಹೇಳಿದರೆ ತಿಳಿಯುತ್ತಿರಲಿಲ್ಲ, ಬೇರೆಯವರು ಕೂಗಿ ಹೇಳಿದರೆ ನಂಬುತ್ತಿರಲಿಲ್ಲ. ಕಡೆಗೆ ಗಿರಿಜಾ ಅಜ್ಜಿಯ ಕಿವಿಗೆ ಬಾಯಿ ಹಚ್ಚಿ, "ಸಿಟ್ಟಿಲ್ಲಬೇ, ಉಣ್ಣು" ಎಂದು ಕೂಗಿದಳು. ಆಮೇಲೆ ದಿನವೂ ಕೂಗಬೇಕಾಯಿತು. ಇದನ್ನು ತಾಯಿಯೇ ಬಂದು ನನಗೆ ಹೇಳಿದರು. ಯಾರನ್ನು ಬೈಯಬೇಕು?

ಇಷ್ಟಾದರೂ ಚಳಿಗಾಲದ ಹೊತ್ತಿಗೆ ಮಾತಿನ ದನಿ ಸ್ವಲ್ಪ ತಿಳಿಯಾಯಿತು. ಆಗಲೇ ಬಾಗಲಕೋಟೆಯಲ್ಲಿ ಎಳೆಯ ಗಾಯಕರನ್ನು ಆರಿಸುವ ಪರೀಕ್ಷೆಯ ಸುದ್ದಿ ಬಂತು. ಆರಿಸಿ ಬಂದ ಮಕ್ಕಳಿಗೆ ಶಿಷ್ಯವೇತನ ಸಿಗುತ್ತಿತ್ತು. ಧಾರವಾಡದಲ್ಲಿ ಗುರುಗಳ ಹತ್ತಿರವೇ ಉಳಿದು ಕಲಿಯಬಹುದಿತ್ತು. ವಯಸ್ಸಿನ ಮಿತಿಯಿತ್ತು, ಗಿರಿಜಾಳಿಗೆ ಅದೇ ಕೊನೆಯ ವರ್ಷ.

ಮಹಾಂತಪ್ಪ ಬಂದಾಗ ನಾನು ಬೇಡವೆಂದೆ. "ಶಿಷ್ಯವೇತನ ಹೋದ್ರ ಹೋಗ್ಲಿ, ದನಿ ಉಳೀಲ್ರಿ" ಎಂದೆ.

ಅವರು ಕೇಳಿದರು: "ದನಿ ಉಳಿಸಿಕೊಂಡು ಆ ಮನ್ಯಾಗ ಏನ್ ಮಾಡ್ತಾಳ್ರಿ? ಆ ಗದ್ದಲದಾಗ ಇದ್ರ ಮತ್ತ ಹೋಗ್ತೈತಿ. ಅಲ್ಲಿಂದ ಹೊರಗ ಬರಾಕ ಆಕಿಗೆ ಇದೊಂದ ದಾರಿ ಐತ್ರಿ ಬಾಯಾರ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಡಾಕ್ಟರರ ಮಾತಿನಲ್ಲೂ ತಪ್ಪಿರಲಿಲ್ಲ. ನನ್ನ ಹತ್ತಿರ ಮೂರನೆಯ ಮಾತಿರಲಿಲ್ಲ. ಆದರೂ ನಾನು ಕಲಿಸಲಾರೆ ಎಂದೆ. ಅವರು ಎದ್ದು ನಮಸ್ಕಾರ ಮಾಡಿ ಹೋದರು. ಮರುವಾರದಿಂದ ಮಗಳನ್ನು ಬಸ್ಸಿನಲ್ಲಿ ಹುನಗುಂದಕ್ಕೆ ಕರೆದೊಯ್ದು, ಅಲ್ಲಿ ನಾಟಕದ ಹಾಡು ಕಲಿಸುತ್ತಿದ್ದ ಹಿರಿಯ ಮಾಸ್ತರರ ಹತ್ತಿರ ಬಿಡತೊಡಗಿದರು.

ನಾನು ಆ ಮಾಸ್ತರರನ್ನು ಹೋಗಿ ಕಂಡೆ. ಕೆಟ್ಟ ಮನುಷ್ಯರಲ್ಲ. ಗೌರವದಿಂದ ಕೂರಿಸಿ ಮಾತಾಡಿದರು. "ಗಂಟಲ ಕಟ್ಟಿದ್ರ ಹಾಡೇ ಬಿಡಿಸ್ಬೇಕ್ರಿ, ಸುಮ್ನ ಕುಂಡ್ರಿಸಿದ್ರ ತುಕ್ಕು ಹಿಡೀತೈತಿ. ನಾವೆಲ್ಲ ಹಂಗ ಕಲ್ತವರು" ಎಂದರು. ಅವರ ದನಿ ಎಷ್ಟು ಒಡೆದಿತ್ತೆಂದರೆ ಈ ಮಾತು ಕೇಳಲು ನಾನು ಮುಂದಕ್ಕೆ ಬಾಗಬೇಕಾಯಿತು. ಅವರಿಗೆ ಅದು ಗೊತ್ತಿದ್ದಂತೆ ತೋರಲಿಲ್ಲ.

ಒಂದು ಭಾನುವಾರ ಶಂಕ್ರವ್ವನೂ ಹುನಗುಂದಕ್ಕೆ ಹೋಗಿದ್ದರು. ಮರಳಿ ಬರುವಾಗ ನೇರವಾಗಿ ನನ್ನ ಮನೆಗೆ ಬಂದರು. "ಎಲ್ಲಿ ಬಿಗೀತೈತೋ ಅಲ್ಲೇ ಮತ್ತ ಮತ್ತ ಹಾಡಸ್ತಾರ್ರಿ. ನಾ ನಿಲ್ಲಸ್ರಿ ಅಂದೆ. ನಿನಗೇನ್ ತಿಳೀತೈತಿ ತಂಗಿ ಅಂದ್ರು. ಇವ್ರೂ ಸುಮ್ನಿರು ಅಂದ್ರು." ನಾನು ಅವರಿಗೆ ನೀರು ಕೊಟ್ಟೆ. ಕೊಡಲು ಬೇರೆ ಏನೂ ಇರಲಿಲ್ಲ.

ಪರೀಕ್ಷೆಯ ದಿನ ನಾನೂ ಬಾಗಲಕೋಟೆಗೆ ಹೋದೆ. ತಂಬೂರಿಗೆ ಕೂರಲು ಮಹಾಂತಪ್ಪ ನನ್ನನ್ನೇ ಕೇಳಿದರು, ಕೂತೆ. ಗಿರಿಜಾ ಭೂಪ ರಾಗ ತೆಗೆದುಕೊಂಡಳು. ಕೆಳಗಿನ ಸ್ವರಗಳು ಬಂದವು. ದನಿ ದಪ್ಪಗಾಗಿತ್ತು, ಆದರೂ ಒಂದು ಸ್ವರವೂ ಜಾಗ ಬಿಟ್ಟು ಕದಲಲಿಲ್ಲ. ಪರೀಕ್ಷಕರಲ್ಲಿ ಹಿರಿಯರೊಬ್ಬರು ಕಣ್ಣೆತ್ತಿ ನೋಡಿದರು. ಒಂದು ಕ್ಷಣ ನನಗೂ ಆಸೆ ಬಂತು. ನಂತರ ಆಕೆ ಅಂತರಾ ಎತ್ತಿಕೊಂಡಳು. ಹಾಡಿನ ಈ ಎರಡನೆಯ ಭಾಗದಲ್ಲಿ ದನಿ ಮೇಲಿನ ಷಡ್ಜಕ್ಕೆ ಏರಬೇಕು. ಬಾಯಿ ತೆರೆಯಿತು, ಗಾಳಿ ಮಾತ್ರ ಬಂತು. ಉಗುಳು ನುಂಗಿ ಮತ್ತೆ ಎತ್ತಿಕೊಂಡಳು. ಮತ್ತೆ ಗಾಳಿಯೇ. ಮೂರನೆಯ ಸಲ ಹಿರಿಯರು ಕೈ ಎತ್ತಿ, "ಸಾಕವಾ, ಸಾಕು" ಎಂದರು. ದನಿಯಲ್ಲಿ ಮರುಕವಿತ್ತು. ಹೊರಗೆ ಕಾಯುತ್ತಿದ್ದ ಮಹಾಂತಪ್ಪ ಮಗಳ ಮುಖ ನೋಡಿ ಬಸ್ಸಿನ ಕಡೆ ಹೊರಟರು. ಮೂವರೂ ಇಳಕಲ್ಲಿಗೆ ಮರಳಿದೆವು.

ಆಮೇಲೆ ಹುಬ್ಬಳ್ಳಿಯ ಡಾಕ್ಟರರೊಬ್ಬರು ಆಪರೇಶನ್ ಮಾಡಬಹುದೆಂದರು. ಹಾಡುವ ದನಿ ಬರುತ್ತದೆಂದು ಭರವಸೆ ಕೊಡಲಿಲ್ಲ, ಇದ್ದ ಮಾತೂ ಹೋಗಬಹುದು ಎಂದರು. ಗಿರಿಜಾಳೇ ಬೇಡವೆಂದಳು. ಎಸ್ಸೆಸ್ಸೆಲ್ಸಿ ಮುಗಿಸಿ ತಾಯಿ ಕೂರುತ್ತಿದ್ದ ಮಗ್ಗಕ್ಕೆ ಕೂತಳು. ಮಹಾಂತಪ್ಪ ಬಜಾರದಲ್ಲಿ ಸಿಕ್ಕರೆ ನಮಸ್ಕಾರ ಮಾಡುತ್ತಿದ್ದರು, ನಿಲ್ಲುತ್ತಿರಲಿಲ್ಲ.

೧೯೮೫ರಲ್ಲಿ ನನಗೆ ಬಾದಾಮಿಗೆ ವರ್ಗವಾಯಿತು. ಹೋಗುವ ಮೊದಲು ಅವರ ಮನೆಗೆ ಹೋದೆ. ಗಿರಿಜಾ ಸೆರಗಿನ ನೇಯ್ಗೆಯಲ್ಲಿದ್ದಳು, ಕೈ ಬಹಳ ಚುರುಕಾಗಿತ್ತು. "ಬರ್ರಿ ಬಾಯಾರ" ಎಂದಳು. ಪಿಸುಮಾತಿಗಿಂತ ತುಸು ಹೆಚ್ಚಿನ ದನಿ ಅದು. ಚಹಾ ಕುಡಿಸಿದಳು, ನನ್ನ ಹೊಸ ಶಾಲೆಯ ಬಗ್ಗೆ ಕೇಳಿದಳು, ಹಾಡಿನ ಮಾತು ಎತ್ತಲಿಲ್ಲ. ಶಂಕ್ರವ್ವ ನನ್ನನ್ನು ಓಣಿಯ ತುದಿಯವರೆಗೆ ಕಳಿಸಲು ಬಂದರು. ಅಲ್ಲಿ ನಿಂತು ಹೇಳಿದರು:

"ಯಾರ ಮನ್ಯಾಗರ ರೇಡಿಯೋದಾಗ ಹಾಡಿದ್ರ, ಎಲ್ಲಿ ದನಿ ಬಿಗೀತು ಅಂತ ನನಗ ಈಗೂ ಗೊತ್ತಾಗ್ತೈತ್ರಿ. ಈ ಕಿವಿ ಕಟಗೊಂಡು ನಾ ಏನ್ ಮಾಡ್ಲಿ ಬಾಯಾರ?"

ಅಷ್ಟು ಹೇಳಿ ಓಣಿಯೊಳಗೆ ತಿರುಗಿ ಹೋದರು.

ಬಾದಾಮಿಯಲ್ಲಿ ಮಕ್ಕಳನ್ನು ಪಾಠಕ್ಕೆ ಸೇರಿಸಿಕೊಳ್ಳುವ ಮೊದಲು ಅವರ ಮನೆ ನೋಡಿ ಬರುವ ರೂಢಿ ಇಟ್ಟುಕೊಂಡೆ. ಮಗು ಎಲ್ಲಿ ಕೂತು ಹಾಡುತ್ತದೆ, ಯಾರು ಪಕ್ಕದಲ್ಲಿರುತ್ತಾರೆ ಎಂದು ಕೇಳುತ್ತಿದ್ದೆ. ಕೆಲವರು ಬೇಸರಪಟ್ಟು ಬೇರೆ ಕಡೆ ಹೋದರು. ಕೆಲವರು ಒಂದು ಕೋಣೆ ಬಿಟ್ಟುಕೊಟ್ಟರು. ಬಿಟ್ಟುಕೊಡಲು ಕೋಣೆಯೇ ಇಲ್ಲದವರು ತಲೆ ತಗ್ಗಿಸಿ ನಿಲ್ಲುತ್ತಿದ್ದರು, ಅವರಿಗೆ ನಾನು ಏನು ಹೇಳಬೇಕಿತ್ತೋ ಇವತ್ತಿಗೂ ತಿಳಿದಿಲ್ಲ. ಪಾಠ ಹೇಳುವವರ ಕೈಯಲ್ಲಿ ಇರುವುದು ಪಾಠ ಮಾತ್ರ. ಸಂಗೀತ ಬೆಳೆಯುವುದು ಮಗುವಿನ ಮನೆಯಲ್ಲಿ. ಆ ಮನೆಯಲ್ಲಿ ಪ್ರೀತಿ ಇರಬಹುದು, ತಿಳಿವಳಿಕೆಯೂ ಇರಬಹುದು, ತಂದೆ ತನ್ನ ದುಡಿಮೆಯನ್ನೇ ನಿಲ್ಲಿಸಿ ಕೊಡಬಹುದು. ಅಷ್ಟೆಲ್ಲ ಇದ್ದೂ ಸಾಲದೆ ಹೋಗಬಹುದು. ನನ್ನ ವೃತ್ತಿ ನನಗೆ ಕಲಿಸಿದ್ದು ಇದನ್ನು. ಕಲಿತದ್ದರಿಂದ ಯಾರಿಗೂ ಉಪಯೋಗವಾಗದ ಪಾಠಗಳೂ ಇರುತ್ತವೆ.